ಜ್ವರದ ಕಡ್ಡಿಯ ದೀಪ

ಆಗ ನನಗೆ ಅರವತ್ತೆರಡು. ಹದಿನಾರು ವರ್ಷದ ಹಿಂದಿನ ಮಾತು. ರೇಷನ್ ಕಾರ್ಡಿನಲ್ಲಿ ಬರೆದವರು ಅಂದಾಜಿಗೆ ಬರೆದರು, ನಾನೂ ಅದನ್ನೇ ನನ್ನ ವಯಸ್ಸು ಅಂತ ಒಪ್ಪಿಕೊಂಡಿದ್ದೇನೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಇಳಿದು ಒಂದು ಮೈಲಿ ಒಳಕ್ಕೆ ನಡೆದರೆ ನಮ್ಮ ಊರು. ಮನೆಯ ಹಿಂದೆ ಹಿತ್ತಲು. ಬದನೆ, ಮೆಣಸಿನಗಿಡ, ಸೊಪ್ಪಿನ ಮಡಿ, ಕನಕಾಂಬರದ ಸಾಲು, ಅದನ್ನೆಲ್ಲ ದಾಟಿ ಕಟ್ಟಕಡೆಗೆ ಕಕ್ಕಸು. ಕಕ್ಕಸು ಒಲೆಯ ಹತ್ತಿರ ಇರಬಾರದು ಅಂತ ಹಠ ಮಾಡಿ ಅಷ್ಟು ದೂರ ಕಟ್ಟಿಸಿದವಳು ನಾನೇ. ಆಗ ಕಾಲು ಗಟ್ಟಿಯಿತ್ತು, ಬುದ್ಧಿ ಇರಲಿಲ್ಲ.

ತನ್ನ ಗಂಡ ಸತ್ತ ಮೇಲೆ ನನ್ನಕ್ಕ ನನ್ನ ಜೊತೆ ಇರಲು ಬಂದಳು. ನನ್ನ ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕನನ್ನು ಕೊಟ್ಟಿದ್ದು ಪುಣಜನೂರಿಗೆ, ಕಾಡಿನ ಅಂಚಿಗೆ. ಜೋಳದ ಹೊಲಕ್ಕೆ ಆನೆ ಬಂದರೆ ತಗಡು ಬಡಿದು ಓಡಿಸಿದವಳು ಅವಳು. ಅಂಥವಳು ನಮ್ಮ ಹಿತ್ತಲಿಗೆ ಹೆದರಿದಳು. ಎರಡು ಕಣ್ಣಿಗೂ ಪೊರೆ ತೆಗೆಸಿದ್ದೆವು. ಒಂದು ಸರಿಹೋಗಲೇ ಇಲ್ಲ. ಇನ್ನೊಂದು ಹಗಲು ಕೆಲಸ ಮಾಡುತ್ತಿತ್ತು, ಹೊತ್ತು ಮುಳುಗಿದರೆ ರಜ ಹಾಕುತ್ತಿತ್ತು.

ಬಂದ ಹೊಸದರಲ್ಲಿ ಒಂದು ಸಂಜೆ ಕಕ್ಕಸಿಗೆ ಹೊರಟವಳು ಬದನೆ ಮಡಿಯ ಏರಿಗೆ ಕಾಲು ತಗುಲಿ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಮಧ್ಯಾಹ್ನದ ಊಟ ಆದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿದರೆ ತಾನೆ ಸಂಜೆ ಹೋಗಬೇಕಾಗುವುದು. ಇದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರು ಗೋಡೆ ಕಂಡಲ್ಲಿ ನಿಲ್ಲುತ್ತಾರೆ, ಅವರಿಗೆ ಈ ಲೆಕ್ಕಾಚಾರ ಗೊತ್ತಿಲ್ಲ.

ಒಂದು ದಿನ ಅಕ್ಕನಿಗೆ ಉರಿಮೂತ್ರ ಶುರುವಾಯಿತು, ಅದರ ಹಿಂದೆಯೇ ಚಳಿ ಜ್ವರ. ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಬಾಯಿಗೆ ಜ್ವರದ ಕಡ್ಡಿ ಇಟ್ಟು ನೋಡಿ, "ನೂರಾ ಮೂರು," ಅಂದರು. ಡಾಕ್ಟರು ಸೂಜಿ ಚುಚ್ಚಿ, "ಅಜ್ಜಿ, ನೀರು ಕುಡೀಬೇಕು. ಹೀಗೇ ಮಾಡಿದ್ರೆ ಮುಂದಿನ ಸಲ ಕಿಡ್ನಿಗೆ ಬರತ್ತೆ, ಮೈಸೂರಿಗೆ ಹೋಗಬೇಕಾಗತ್ತೆ," ಅಂದರು. ಅಕ್ಕ ತಲೆ ಆಡಿಸಿದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಅಂದಳು:

"ಆವಯ್ಯಂಗೇನು, ಅವನ ಕಕ್ಕಸು ಮನೆ ಒಳ್ಗೇ ಇರ್ತದೆ."

ಊರಿಗೆ ಬಂದ ಮೇಲೂ ಕುಡಿಯಲಿಲ್ಲ. ಚೊಂಬನ್ನು ಕೈಗೆ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುವಳು. ಬೈದರೆ, "ನಾ ಸತ್ರೆ ನಿಂಗೇ ಸುಲಭ ಬುಡು," ಅನ್ನುವಳು. ಸಾಯುತ್ತಾಳೆ ಅಂತ ನನಗೂ ಅನ್ನಿಸಿತ್ತು.

ಬೆಳಕಿನ ದಾರಿ ಹುಡುಕದೆ ಇರಲಿಲ್ಲ ನಾನು. ಹಿತ್ತಲ ಗೋಡೆಯಲ್ಲಿ ಒಂದು ಬಲ್ಬಿತ್ತು. ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಗುತ್ತಿತ್ತು, ನಾವು ಮಲಗಿದ ಮೇಲೆ ಬರುತ್ತಿತ್ತು. ಕಕ್ಕಸಿನವರೆಗೆ ವೈರು ಎಳೆಸೋಣ ಅಂದರೆ ಬಚ್ಚಲ ನೀರು ಹರಿಯುವ ಜಾಗ, ಒದ್ದೆ ನೆಲದಲ್ಲಿ ಕರೆಂಟು ಬೇಡ ಅಂತ ಬಿಟ್ಟೆ. ಟಾರ್ಚು ಕೊಟ್ಟರೆ ಅಕ್ಕನಿಗೆ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸೀರೆ ನೆರಿಗೆ, ಟಾರ್ಚು ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಕೊನೆಗೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗುವುದು, ಬಾಗಿಲ ಹೊರಗೆ ನಿಲ್ಲುವುದು, ಕರೆದುಕೊಂಡು ಬರುವುದು. ಅದು ಅವಳಿಗೆ ಸಾವಿಗಿಂತ ಕಡೆ. ನನಗೂ, ಎಲ್ಲಿ ಹೋಗಿದ್ದರೂ ಹೊತ್ತು ಮುಳುಗುವ ಮೊದಲು ಮನೆಗೆ ಓಡಿ ಬರಬೇಕು. ಉಮ್ಮತ್ತೂರಿಗೆ ಕೊಟ್ಟ ಮಗಳ ಮನೆಯಲ್ಲಿ ಒಂದು ರಾತ್ರಿ ಉಳಿಯುವ ಹಾಗೂ ಇರಲಿಲ್ಲ.

ವಾರಕ್ಕೊಂದು ದಿನ ಗುಂಡ್ಲುಪೇಟೆಗೆ ಸೊಪ್ಪು, ಕನಕಾಂಬರ ಮಾರಲು ಹೋಗುತ್ತಿದ್ದೆ. ನಾನು ಕೂರುತ್ತಿದ್ದುದು ಒಬ್ಬ ಸಾಬರ ಅಂಗಡಿ ಮುಂದೆ. ಛತ್ರಿ, ಟಾರ್ಚು, ಸ್ಟವ್ವು ರಿಪೇರಿ ಮಾಡುವರು. ಬಿಸಿಲು ತಿರುಗಿದರೆ ಅವರ ತಗಡಿನ ಕೆಳಗೆ ನನ್ನ ಬುಟ್ಟಿ ಎಳೆದುಕೊಳ್ಳುತ್ತಿದ್ದೆ, ಏನೂ ಅನ್ನುತ್ತಿರಲಿಲ್ಲ. ಮನೆಯವರ ಜೊತೆ ಉರ್ದು, ನನ್ನ ಜೊತೆ ಕನ್ನಡ. ಒಂದು ದಿನ ಅವರ ಅಂಗಡಿಯ ಕಂಬಕ್ಕೆ ಒರಗಿಸಿದ ಒಂದು ಕೋಲು ಕಂಡೆ. ಕೆಳಗೆ ಚೂಪು, ಮೇಲೆ ಗಾಜಿನ ಬುರುಡೆ, ಬುರುಡೆಯ ತಲೆ ಮೇಲೆ ಕಪ್ಪು ಗಾಜಿನ ಬಿಲ್ಲೆ, ಬುರುಡೆಯ ಕೆಳಗೆ ಒಂದು ಪಟ್ಟಿ, ಪಟ್ಟಿಯ ಮೇಲೆ ಸಣ್ಣ ಕೊಳವೆ.

"ಇದೇನ್ ಸಾಬ್ರೇ, ಈಟಿ ಇದ್ದಂಗದೆ?"

"ಗಾರ್ಡನ್ ಲೈಟಮ್ಮಾ. ತಂಗಿ ಮಗ ದುಬೈಯಿಂದ ತಂದ. ಅವನ ಮನೇಲಿ ಗಾರ್ಡನ್ ಇಲ್ಲ, ನನ್ನ ಮನೇಲೂ ಇಲ್ಲ. ಕತ್ತಲಾದ್ರೆ ತಾನೇ ಹತ್ಕೊಳ್ತದೆ, ಬೆಳಗಾದ್ರೆ ತಾನೇ ನಿಲ್ತದೆ. ವೈರ್ ಇಲ್ಲ, ಎಣ್ಣೆ ಇಲ್ಲ."

"ಈ ಕೊಳವೆ?"

"ಥರ್ಮಾಮೀಟರು. ತೋಟ ಎಷ್ಟು ಬಿಸಿಯಾಗದೆ, ಎಷ್ಟು ತಣ್ಣಗದೆ, ತೋರಿಸ್ತದೆ."

"ಅಂದ್ರೆ ಜ್ವರದ ಕಡ್ಡಿ."

ಸಾಬರು ಟಾರ್ಚಿನ ಸ್ಪ್ರಿಂಗ್ ಹುಡುಕುತ್ತಿದ್ದರು. ತಲೆ ಎತ್ತದೆ, "ಹೂಂ, ಹಂಗೇ ಇಟ್ಕೊಳ್ಳಿ," ಅಂದರು. ಮುಂದಿನ ಫಜೀತಿಗೆಲ್ಲ ಆ ಒಂದು ಹೂಂ ಕಾರಣ.

ಅಕ್ಕನ ವಿಷಯ ಹೇಳಿದೆ. ಅವರ ತಾಯಿಯೂ ಹಾಗೇ ನೀರು ಬಿಟ್ಟು ಕೂತವರಂತೆ. ಕೋಲನ್ನು ನನ್ನ ಬುಟ್ಟಿಯ ಪಕ್ಕ ಇಟ್ಟರು. ಕೊಟ್ಟಿದ್ದು ತೆಗೆದುಕೊಂಡಿದ್ದು ನಮ್ಮಿಬ್ಬರ ಮಾತು. ಬುರುಡೆಯ ಟೋಪಿ ತಿರುಗಿಸಿ ಒಳಗಿನ ಗುಂಡಿ ತೋರಿಸಿ ಈ ಕಡೆಗೆ ತಳ್ಳಿರಬೇಕು ಅಂದರು. ತಲೆ ಮೇಲೆ ಕಲ್ಲಲ್ಲಿ ಕುಟ್ಟಬೇಡಿ, ಗಾಜು ಒಡೆದು ಕೈಗೆ ಹೊಕ್ಕೀತು, ನೆಲಕ್ಕೆ ಗುಳಿ ತೆಗೆದು ನಿಲ್ಲಿಸಿ ಅಂದರು. ಗುಳಿ ತೆಗೆಯುವ ಮೊದಲು ಅಲ್ಲಿ ಪೈಪು ವೈರು ಹೂತಿದೆಯಾ ನೋಡಿಕೊಳ್ಳಿ ಅಂದರು. ಒಳಗಿನ ಸೆಲ್ಲು ಯಾವತ್ತಾದರೂ ಸತ್ತರೆ ಒಲೆಗೆ ಹಾಕಬೇಡಿ ಅನ್ನುವುದನ್ನು ಮಾತ್ರ ಎರಡು ಸಲ ಹೇಳಿದರು. "ಸಿಡಿದು ಮುಖಕ್ಕೆ ಬರ್ತದಮ್ಮಾ. ನನಗೇ ತಂದುಕೊಡಿ." ಇಷ್ಟೂ ಬೆರಳು ಮಡಚಿ ನೆನಪಿಟ್ಟುಕೊಂಡೆ. ಎಲ್ಲಿ ಇಡಬೇಕು ಅಂತ ಅವರು ಹೇಳಲಿಲ್ಲ. ದೀಪವನ್ನು ಎಲ್ಲಿ ಇಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ನಮ್ಮ ಹಿತ್ತಲ ಬಾಗಿಲ ಪಕ್ಕದ ಗೋಡೆಯಲ್ಲಿ ನಮ್ಮತ್ತೆಯ ಅತ್ತೆ ಕಾಲದಿಂದ ಒಂದು ದೀಪದ ಗೂಡು ಇದೆ. ಗಾಳಿ ತಗುಲದು, ಮಳೆ ಬೀಳದು, ಬಿಸಿಲಂತೂ ಸುಳಿಯದು. ಕೋಲಿನ ಕೆಳಗಿನ ತುಂಡು ಬಿಚ್ಚಿ, ಮೇಲಿನದನ್ನು ಗೂಡಿನಲ್ಲಿ ಕೂರಿಸಿ, ಗುಂಡಿ ತಳ್ಳಿ, ಅಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಹೊತ್ತು ಮುಳುಗಿತು. ಕತ್ತಲಾಯಿತು. ಸೊಳ್ಳೆ ಬಂದವು.

"ಹತ್ತುದಾ?" ಅಂದಳು ಅಕ್ಕ.

"ಇನ್ನೂ ಇಲ್ಲ."

"ನಂಗೇ ಕಾಣ್ದೇನೋ ಅಂದ್ಕಂಡೆ. ನಿಂಗೂ ಕಾಣದಾ? ಸಂದಾಗದೆ ಬುಡು, ಇಬ್ರೂ ಒಂದೇ ಆದೋ."

ಮಾರನೆಯ ಸಂಜೆಯೂ ಅಷ್ಟೇ. ಅದರ ಮಾರನೆಯ ಸಂಜೆ ಅಕ್ಕ ಹೊರಗೆ ಬಂದು ಕೂರಲೂ ಇಲ್ಲ. ಒಳಗಿನಿಂದಲೇ, "ಜ್ವರದ ಕಡ್ಡಿ ಅಂದ್ಯಲ್ಲಮ್ಮಿ, ಹಿತ್ಲ ಬಾಯಿಗಿಕ್ಕಿ ನೋಡು. ಜ್ವರ ಬಂದಿದ್ರೆ ಹಿತ್ಲನ್ನೂ ಹೊತ್ಕಂಡು ನಗರದ ಆಸ್ಪತ್ರೆಗೋಗನ," ಅಂತ ಕೂಗಿದಳು. ಅವಳ ದನಿ ಒಣಗಿ ಕೀರಲಾಗಿತ್ತು. ಆ ದಿನವೂ ನೀರು ಕುಡಿದಿರಲಿಲ್ಲ.

ಮುಂದಿನ ವಾರ ಗುಂಡ್ಲುಪೇಟೆಗೆ ಹೋಗಿ ಸಾಬರಿಗೆ ನಾಲ್ಕು ಮಾತು ಬೈದೆ. ಅವರು ಎಲ್ಲ ಕೇಳಿಸಿಕೊಂಡು, "ಎಲ್ಲಿಟ್ಟಿದ್ರಿ?" ಅಂದರು. ಹೇಳಿದೆ. ಅವರು ಕೈಯಲ್ಲಿದ್ದ ಛತ್ರಿ ಕೆಳಗಿಟ್ಟು ಹಣೆ ಚಚ್ಚಿಕೊಂಡರು.

"ಹುಲ್ಲು ಹಾಕದೆ ಹಾಲು ಕರೆಯೋಕೆ ಕೂತಂಗಾಯ್ತಲ್ಲಮ್ಮಾ! ಇದಕ್ಕೆ ಬಿಸಿಲೇ ಹುಲ್ಲು. ತಲೆ ಮೇಲೆ ಕಪ್ಪು ಬಿಲ್ಲೆ ಅದೆಯಲ್ಲ, ಅದು ಹಗಲೆಲ್ಲ ಬಿಸಿಲು ತಿನ್ನಬೇಕು. ಮರದ ನೆರಳು, ಸೂರಿನ ನೆರಳು, ಯಾವುದೂ ಬೀಳಬಾರದು."

"ದೀಪಾನ ಬಿಸಿಲಲ್ಲಿ ಇಕ್ಕದಾ?"

"ಬಿಸಿಲಲ್ಲೇ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಉರಿಯುವ ಬಿಸಿಲಿನ ಮಧ್ಯೆ ದೀಪ ನೆಡುವುದು. ಯಾರಾದರೂ ಕಂಡರೆ ನನಗೆ ಬುದ್ಧಿಭ್ರಮಣೆ ಅನ್ನುವರು. ಅನ್ನಲಿ ಅಂದುಕೊಂಡೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಮಾರನೆಯ ಬೆಳಿಗ್ಗೆ ಗಡಾರಿ ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಅಕ್ಕ ಬಿದ್ದ ಜಾಗವನ್ನೇ ಆರಿಸಿದೆ, ಬದನೆ ಮಡಿ ತಿರುಗುವ ಮೂಲೆ. ಅಲ್ಲಿ ಯಾವ ನೆರಳೂ ಇಲ್ಲ. ತೊಟ್ಟಿಯಿಂದ ಸೊಪ್ಪಿನ ಮಡಿಗೆ ಪೈಪು ಹೂತಿದ್ದು ನೆನಪಿತ್ತು, ಆದರೂ ನೆನಪನ್ನು ನಂಬಲಿಲ್ಲ. ಮೊದಲು ಕೈಯಲ್ಲೇ ಮಣ್ಣು ಕೆದಕಿ ನೋಡಿದೆ. ನೆನಪು ಒಂದು ಗೇಣು ತಪ್ಪಿತ್ತು. ಗಡಾರಿ ಹಾಕಿದ್ದರೆ ಪೈಪು ಸೀಳುತ್ತಿತ್ತು. ಪಕ್ಕಕ್ಕೆ ಸರಿದು, ದಾರಿಯ ಅಂಚಿನಿಂದಲೂ ಒಳಕ್ಕೆ, ಸೀರೆ ಸಿಕ್ಕಿಕೊಳ್ಳದಷ್ಟು ಬಿಟ್ಟು ಗುಳಿ ತೆಗೆದೆ. ಕೋಲು ನಿಲ್ಲಿಸಿ ಸುತ್ತ ಜಲ್ಲಿ ಕಲ್ಲು ತುಂಬಿ, ಮಣ್ಣು ಎಳೆದು, ಚಪ್ಪರದ ಕಂಬ ನಿಲ್ಲಿಸುವಾಗ ತುಳಿಯುವ ಹಾಗೆ ತುಳಿದೆ. ಅಕ್ಕ ಹೊಸಿಲ ಮೇಲೆ ಕೂತು ಯಜಮಾನಿಕೆ ಮಾಡುತ್ತಿದ್ದಳು.

"ವಾರೆ ಆಗದೆ ಕಣಮ್ಮಿ."

"ನಿಂಗೆಲ್ಲಿ ಕಾಣ್ತಕ್ಕ?"

"ಕಾಣದ್ಯಾಕೆ? ನೀ ನೆಟ್ಟುದ್ದು ಯಾವತ್ತು ನೆಟ್ಗಿತ್ತು?"

ಅಡುಗೆ ಮುಗಿಸಿ ಮಧ್ಯಾಹ್ನ ಹೊರಗೆ ಬಂದು ನೋಡಿದೆ. ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಅಂಕಿ ಹಾಗಲ್ಲ, ಬಸ್ಸಿನ ಬೋರ್ಡು, ತಕ್ಕಡಿಯ ಬಟ್ಟು ನೋಡಿ ಕಲಿತದ್ದು, ತಟ್ಟನೆ ಬರುತ್ತದೆ. ಬೆಳಿಗ್ಗೆ ಕೊಳವೆಯೊಳಗಿನ ಕೆಂಪು ನೀರು ಇಪ್ಪತ್ತೈದರ ಹತ್ತಿರ ಇತ್ತು. ಈಗ ಐವತ್ತನ್ನು ಮುಟ್ಟುತ್ತಿತ್ತು. ಐವತ್ತೇ ಕೊನೆಯ ಗೆರೆ. ಅದರ ಮೇಲೆ ಏರಲು ಜಾಗವಿಲ್ಲ.

"ಅಕ್ಕೋ, ಐವತ್ತಾಗೋಯ್ತು! ಜ್ವರ ಕೊನೆ ಮುಟ್ತು!"

"ನಂಗೆ ನೂರಾ ಮೂರು ಬಂದಿತ್ತು, ನಾ ಬದುಕ್ನಿಲ್ವಾ?"

"ಇದ್ಕೆ ಐವತ್ತೇ ಕೊನೆ ಕಣಕ್ಕ, ಆಮೇಕೆ ಗೆರೇನೇ ಇಲ್ಲ."

"ಹಂಗಾರೆ ಮನುಸ್ರಿಗಿಂತ ಸೂಕ್ಷ್ಮದ ಪದಾರ್ಥ. ಒದ್ದೆ ಬಟ್ಟೆ ಹಾಕು, ಒಡ್ದೋದಾತು."

ಜ್ವರ ಏರಿದರೆ ಹಣೆಗೆ ಒದ್ದೆ ಬಟ್ಟೆ. ಮಕ್ಕಳಿಗೆ ಮಾಡಿದ್ದೇವೆ, ಗಂಡಂದಿರಿಗೆ ಮಾಡಿದ್ದೇವೆ, ಕರುವಿಗೂ ಮಾಡಿದ್ದೇವೆ. ಹಳೇ ಸೀರೆಯ ತುಂಡನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮಡಿಸಿ, ಆ ಕೋಲಿನ ತಲೆಯ ಮೇಲೆ ಹಾಕಿದೆ.

ಹಾಕಿದ ಕೂಡಲೇ ಬಟ್ಟೆಯ ಕೆಳಗೆ ದೀಪ ಹತ್ತಿತು.

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ನಡು ಮಧ್ಯಾಹ್ನ. ಕಾಗೆಯೂ ನೆರಳಿಗೆ ಹೋಗಿ ಕೂರುವ ಬಿಸಿಲು. ಅಂಥ ಬಿಸಿಲಲ್ಲಿ ಬುರುಡೆಯೊಳಗೆ ಬೆಳ್ಳಗೆ ಏನೋ ಕಣ್ಣು ಬಿಟ್ಟುಕೊಂಡು ಕೂತಿದೆ. ಬಟ್ಟೆ ಎಳೆದೆ. ಹೋಯಿತು. ಮತ್ತೆ ಹಾಕಿದೆ. ಬಂತು. ಬಟ್ಟೆ ಬಿಸಾಕಿ ನನ್ನ ಅಂಗೈಯನ್ನು ಕಪ್ಪು ಬಿಲ್ಲೆಯ ಮೇಲೆ ಮುಚ್ಚಿದೆ. ಹತ್ತಿತು. ಬೆರಳು ಬಿಡಿಸಿದರೆ ನಿಂತಿತು.

ಬುದ್ಧಿ ಬಂದಾಗಿನಿಂದ ಒಲೆ ಹಚ್ಚಿದವಳು ನಾನು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳು. ಬೆಂಕಿಯಾಗಲಿ ದೀಪವಾಗಲಿ ಹತ್ತಬೇಕಾದರೆ ಎಣ್ಣೆ ಕೊಡಬೇಕು, ಕಡ್ಡಿ ಗೀರಬೇಕು, ಉಸಿರು ಕೊಡಬೇಕು. ಇದಕ್ಕೆ ನಾನು ಕೊಟ್ಟಿದ್ದು ಏನು? ಒಂದು ಅಂಗೈ ಅಗಲದ ಕತ್ತಲೆ. ಅಷ್ಟಕ್ಕೇ ಹೊತ್ತು ಮುಳುಗಿತು ಅಂದುಕೊಂಡಿತು. ಆಕಾಶದಲ್ಲಿ ಸೂರ್ಯ ಮುಳುಗುವುದಕ್ಕೂ ನನ್ನ ಕೈ ಮುಚ್ಚುವುದಕ್ಕೂ ಅದಕ್ಕೆ ವ್ಯತ್ಯಾಸವಿಲ್ಲ. ಬಾಯಿ ತೆರೆದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅಕ್ಕ ಹೊಸಿಲಿನಿಂದ ಕೂಗಿದಳು:

"ಏನಾತಮ್ಮಿ? ಒಡ್ದೋತಾ?"

ಹೋಗಿ ಅವಳ ಕೈ ಹಿಡಿದು ಕರೆದುಕೊಂಡು ಬಂದೆ. ಅವಳ ಅಂಗೈಯನ್ನು ಬಿಲ್ಲೆಯ ಮೇಲೆ ಇಟ್ಟೆ. ಅವಳು ಬಗ್ಗಿ, ಕೆಲಸ ಮಾಡುವ ಕಣ್ಣನ್ನು ಬುರುಡೆಯ ಹತ್ತಿರ ತಂದಳು.

"ಕಾಣ್ತದೆ," ಅಂದಳು.

"ಎಷ್ಟು ಕಾಣ್ತದೆ?"

"ಬೆಳ್ಳುಳ್ಳಿ ಹಿಲುಕಿನಷ್ಟು."

ಅವಳು ಕೈ ತೆಗೆಯಲು ಒಪ್ಪಲಿಲ್ಲ. ತೆಗೆಯುವುದು, ಮುಚ್ಚುವುದು, ನಗುವುದು. "ನಂ ಕೈಯೇ ಅಮಾಸೆ ಕಣಮ್ಮಿ," ಅನ್ನುವುದು. ಹಲ್ಲಿಲ್ಲದ ಬಾಯಲ್ಲಿ ಅಷ್ಟು ನಕ್ಕಿದ್ದನ್ನು ನಾನು ಅವಳು ಬಂದ ಮೇಲೆ ಕಂಡಿರಲಿಲ್ಲ. "ಸಾಕು ಬುಡು, ಬಿಸಿಲು ತಿನ್ನಕೆ ಬುಡು ಅದ್ಕೆ," ಅಂತ ನಾನೇ ಕೈ ಕಿತ್ತೆ.

ಜ್ವರದ ಮಾತು ಆಗ ಹೊಳೆಯಿತು. ನಾನು ನಿಂತಿದ್ದ ನೆಲ ಸುಡುತ್ತಿತ್ತು, ಆದರೆ ಬೇಲಿಯ ನೆರಳಿಗೆ ಸರಿದರೆ ಗಾಳಿ ತಣ್ಣಗಿತ್ತು. ಕೊಳವೆಯ ಮುಖಕ್ಕೆ ನೇರ ಬಿಸಿಲು ಬಡಿಯುತ್ತಿತ್ತು. ಬಿಸಿಲಲ್ಲಿ ಕಾದ ಬಂಡೆಯನ್ನು ಮುಟ್ಟಿ ಊರಿಗೆಲ್ಲ ಜ್ವರ ಅಂದ ಹಾಗಾಗಿತ್ತು ನಮ್ಮ ಕಥೆ. ತಲೆಗೆ ಬಿಸಿಲು ಬೇಕು, ಮುಖಕ್ಕೆ ನೆರಳು ಬೇಕು. ಮದುಮಗಳ ಹಾಗೆ. ಮೇಲಿನ ಭಾಗವನ್ನು ತಿರುಗಿಸಿ ಕೊಳವೆಯ ಮುಖವನ್ನು ಬಡಗಲಿಗೆ ಮಾಡಿದೆ, ಆ ಕಾಲದಲ್ಲಿ ಬಿಸಿಲು ತೆಂಕಲಿಂದ ಬರುತ್ತದೆ. ಪಾತ್ರೆ ತೊಳೆದು ಬರುವಷ್ಟರಲ್ಲಿ ಕೆಂಪು ನೀರು ಮೂವತ್ತೈದಕ್ಕೆ ಇಳಿದಿತ್ತು. ನನ್ನ ಮೈಗೆ ಗೊತ್ತಾಗುತ್ತಿದ್ದ ಸೆಖೆಗೂ ಅದಕ್ಕೂ ಈಗ ಸರಿಹೋಯಿತು. ಇಷ್ಟು ವರ್ಷ ಸೆಖೆ ಅಂದರೆ ಸೆಖೆ, ಚಳಿ ಅಂದರೆ ಚಳಿ. ಅದಕ್ಕೂ ಒಂದು ಅಂಕಿ ಇದೆ, ಮತ್ತು ನನ್ನ ಚರ್ಮ ಅದನ್ನು ಯಾವಾಗಲೂ ಓದುತ್ತಿತ್ತು ಅನ್ನುವುದು ಆವತ್ತು ಗೊತ್ತಾಯಿತು.

ಆ ಸಂಜೆ ಇಬ್ಬರೂ ಹೊಸಿಲ ಮೇಲೆ ಕೂತೆವು. ಹೊತ್ತು ಇಳಿಯಿತು. ನಾನು ಎರಡು ಸಲ ಹೋಗಿ ನೋಡಿ ಬಂದೆ, ಕೆಂಪು ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಬದನೆ ಎಲೆಯ ಹಸಿರು ಕಪ್ಪಾಗುವ ಹೊತ್ತಿಗೆ, ಯಾರೂ ಮುಟ್ಟದೆ, ದೀಪ ಹತ್ತಿತು. ಬೇಗೆ ಇಳಿದ ಕೋಲಿನಲ್ಲೇ ಬೆಳಕು ಏರಿತು. ಊರಿಗೆಲ್ಲ ಕರೆಂಟಿಲ್ಲ. ನಮ್ಮ ಹಿತ್ತಲಲ್ಲಿ ಬದನೆಕಾಯಿಯ ನೆರಳು ನೆಲದ ಮೇಲೆ ಬಿದ್ದಿದೆ.

ಅಕ್ಕ ಕೈ ಮುಗಿದಳು.

"ಸಾಬ್ರಂಗಡಿ ಸಾಮಾನ್ಗೆ ಕೈ ಮುಗೀತಿಯಲ್ಲಕ್ಕ!"

"ಸೂರ್ಯಂಗೆ ಮುಗ್ದೆ ಕಣ. ಒಳೀಕೆ ಇರಾನು ಅವ್ನೇ ತಾನೆ?"

ಆ ಮಾತು ಈಗಲೂ ನಿಜ ಅನ್ನಿಸುತ್ತದೆ.

ಆದರೆ ಕೈ ಮುಗಿಯುವುದು ಬೇರೆ, ನಂಬುವುದು ಬೇರೆ. ಮುಂದಿನ ಸಂಜೆಗಳಲ್ಲೂ ನನ್ನ ಕೈ ಹಿಡಿದೇ ಹೋದಳು. ಚೊಂಬು ಮುಟ್ಟಲಿಲ್ಲ. "ಕರೆಂಟ್ನಂಗೆ ನಡುದಾರೀಲಿ ಕೈ ಕೊಟ್ರೆ?" ಅನ್ನುವಳು. ಕೊಡುವುದಿಲ್ಲ ಅಂತ ನಾನು ಪ್ರಮಾಣ ಮಾಡಲಿಲ್ಲ. ಮೋಡ ಕವಿದ ದಿನ ಅರೆಹೊಟ್ಟೆಯಲ್ಲಿ ಮಂಕಾಗಿ ಉರಿಯುವುದನ್ನು ಇಬ್ಬರೂ ಕಂಡಿದ್ದೆವು. "ಮೋಡದ ದಿನ ನಾ ಕೈ ಹಿಡೀತೀನಿ, ಬಿಸ್ಲಿನ ದಿನ ಅದ ನಂಬು," ಅಂದೆ. "ಬೆಳಕ್ನ ಎಡಗಡೀಕೆ ಬುಟ್ಕಂಡು ನಡಿ. ಅದು ಬೆನ್ನಿಗೆ ಬಂದಾಗ ಕಕ್ಕಸಿನ ಬಾಗ್ಲು ಎದ್ರುಗೆ ಇರ್ತದೆ." ಹಗಲು ಹೊತ್ತಿನಲ್ಲಿ ಅವಳನ್ನು ನಡೆಸಿ ನಡೆಸಿ ಅದನ್ನು ಕಾಲಿಗೆ ಕಲಿಸಿದೆ. ಅವಳು ಕಲಿತಳು, ಹೂಂ ಅನ್ನಲಿಲ್ಲ.

ಒಂದು ದಿನ ಬಿಸಿಲು ಚೆನ್ನಾಗಿ ಕಾದಿತ್ತು. ಬಾಳೆಕಾಯಿ ಹೆಚ್ಚುತ್ತ ಕೂತಿದ್ದೆ. ಹಿಂದೆ ಚೊಂಬಿನ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕ ನೀರು ಕುಡಿಯುತ್ತಿದ್ದಾಳೆ. ಹೊತ್ತು ಮೂರು ಗಂಟೆ ದಾಟಿತ್ತು. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಪೂರಾ ಚೊಂಬು ಕುಡಿದು, ಬೋರಲು ಹಾಕಿ, ನನ್ನ ಕಡೆ ಮುಖ ಮಾಡಿದಳು.

"ಏನ್ ನೋಡಿಯೆ? ಹೆಚ್ಚು."

ಹೊತ್ತು ಮುಳುಗಿತು. ದೀಪ ಹತ್ತಿತು. ಅಕ್ಕ ಊರುಗೋಲು ತೆಗೆದುಕೊಂಡಳು. ನಾನೂ ಎದ್ದೆ.

"ಕೂತ್ಕ," ಅಂದಳು. "ಬಾಗ್ಲಲ್ಲೂ ನಿಂತ್ಕಬ್ಯಾಡ. ಒಳೀಕೋಗು."

ನಾನು ಒಳಗೆ ಹೋಗಲಿಲ್ಲ. ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ನೋಡಿದೆ. ಕೋಲು ನೆಲಕ್ಕೆ ಬಡಿದುಕೊಂಡು ಹೋದಳು. ಬದನೆ ಮಡಿಯ ಮೂಲೆಯಲ್ಲಿ ನಿಂತಳು. ಅಲ್ಲೇ ಬಿದ್ದಿದ್ದು. ನನ್ನ ಕಾಲು ಹೊಸಿಲು ದಾಟಿತ್ತು, ಹಿಂದಕ್ಕೆ ಎಳೆದುಕೊಂಡೆ. ಬೆಳಕು ಅವಳ ಸೀರೆಯ ಅಂಚಿಗೆ ಬಿದ್ದಿತು, ಮೊಣಕಾಲಿಗೆ ಬಂತು, ಬೆನ್ನಿಗೆ ಹೋಯಿತು. ಕಕ್ಕಸಿನ ತಗಡಿನ ಬಾಗಿಲು ಕಿರ್ ಅಂದಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ಇಷ್ಟು ದಿನ ಹೊರಗೆ ನಾನು ನಿಲ್ಲುತ್ತಿದ್ದೆನಲ್ಲ, ಚಿಲಕ ಹಾಕುತ್ತಿರಲಿಲ್ಲ ಅವಳು.

ವಾಪಸು ಬಂದಾಗ ಏದುಸಿರು ಬಿಡುತ್ತಿದ್ದಳು. ಆನೆ ಓಡಿಸಿ ಬಂದವಳ ಹಾಗೆ. ಹೊಸಿಲ ಮೇಲೆ ಕೂತಳು.

"ಬಾಗ್ಲ ಹಿಂದೆ ನಿಂತಿದ್ದೆ ಅಲ್ವಾ?"

"ಇಲ್ಲ."

"ನಿನ್ ಬಳೆ 'ಹೌದು' ಅಂದ್ವು. ಇನ್ನೊಂದ್ ಚೊಂಬು ನೀರ್ ಕೊಡು."

ಕೊಟ್ಟೆ. ಅವಳು ಕುಡಿದಳು.

ಮಾರನೆಯ ಬೆಳಿಗ್ಗೆ ಮುದ್ದೆ, ಹುರುಳಿ ಸಾರು ಮಾಡಿ ಅವಳಿಗೆ ಎರಡು ಹೊತ್ತಿಗಾಗುವಷ್ಟು ಮುಚ್ಚಿಟ್ಟೆ. ಒಂದು ಸೀರೆ ಚೀಲಕ್ಕೆ ತುರುಕಿಕೊಂಡು, ಇವತ್ತು ರಾತ್ರಿ ಬರುವುದಿಲ್ಲ ಅಂತ ಹೇಳಿ, ರಸ್ತೆಯವರೆಗೆ ನಡೆದು, ಮೊದಲ ಬಸ್ಸು ಹತ್ತಿ ಉಮ್ಮತ್ತೂರಿನ ಮಗಳ ಮನೆಗೆ ಹೋದೆ.